ಗೃಹಬಳಕೆಯ ಜನರೇಟರಿಗೆ ಎಂಜಿನ್ ತೈಲದ ಆಯ್ಕೆ

ವಿದ್ಯುತ್ ಸರಬರಾಜು ಸ್ಥಗಿತಗೊಂಡಾಗ ದೀಪ, ಪಂಖ ಹಾಗೂ ನೀರೆತ್ತುವ ಪಂಪುಗಳನ್ನು ನಡೆಸಲು ಅನೇಕ ಕುಟುಂಬಗಳು ಸಣ್ಣ ಜನರೇಟರನ್ನು ಇಟ್ಟುಕೊಂಡಿರುತ್ತವೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲವು ಕುಸಿದಾಗ ದೆಹಲಿಯಲ್ಲಿಯೂ, 2015ರ ಡಿಸೆಂಬರಿನ ಪ್ರವಾಹದಲ್ಲಿ ಚೆನ್ನೈಯಲ್ಲಿಯೂ ಇಂತಹ ಯಂತ್ರಗಳ ಅಗತ್ಯ ಮನವರಿಕೆಯಾಯಿತು. ತಿಂಗಳುಗಟ್ಟಲೆ ಮೂಲೆಯಲ್ಲಿದ್ದು, ಸಂಕಟದ ದಿನ ಎಡೆಬಿಡದೆ ದುಡಿಯಬೇಕಾದ ಈ ಯಂತ್ರವು ಕೈಕೊಡದಂತೆ ನೋಡಿಕೊಳ್ಳುವಲ್ಲಿ ಎಂಜಿನ್ ತೈಲದ ಪಾತ್ರ ಹಿರಿದು.

ತೈಲದ ಕಾರ್ಯ

ಸಣ್ಣ ಜನರೇಟರಿನ ಎಂಜಿನ್ನು ಸಾಮಾನ್ಯವಾಗಿ ಗಾಳಿಯಿಂದ ತಣಿಯುವಂಥದು. ಇಲ್ಲಿ ತೈಲವು ಸವೆತವನ್ನು ತಡೆಯುವುದರ ಜೊತೆಗೆ ಶಾಖವನ್ನು ಸಾಗಿಸುತ್ತದೆ, ಮಸಿ ಹಾಗೂ ಲೋಹದ ಕಣಗಳನ್ನು ತನ್ನಲ್ಲಿ ಹಿಡಿದಿಡುತ್ತದೆ. ಕಾರಿನ ಎಂಜಿನ್ನಿನಲ್ಲಿ ಸುಮಾರು ಮೂರು ನಾಲ್ಕು ಲೀಟರ್ ತೈಲವಿದ್ದರೆ, ಇದರಲ್ಲಿರುವುದು ಅರ್ಧದಿಂದ ಒಂದು ಲೀಟರ್ ಮಾತ್ರ. ಅನೇಕ ಯಂತ್ರಗಳಲ್ಲಿ ತೈಲ ಶೋಧಕವೂ ಇರುವುದಿಲ್ಲ. ಆದ್ದರಿಂದ ತೈಲವು ಬೇಗನೆ ಕೆಡುತ್ತದೆ.

ಡಬ್ಬದ ಮೇಲಿನ ಎರಡು ಗುರುತುಗಳು

ತೈಲವನ್ನು ಬೆಲೆ ಅಥವಾ ಜಾಹೀರಾತನ್ನು ನೋಡಿ ಕೊಳ್ಳುವುದು ಸರಿಯಲ್ಲ. ಡಬ್ಬದ ಮೇಲಿರುವ ಎರಡು ಗುರುತುಗಳನ್ನು ಯಂತ್ರದ ಕೈಪಿಡಿಯೊಡನೆ ಹೋಲಿಸಿ ನೋಡಬೇಕು.

ಮೊದಲನೆಯದು ‘ಎಸ್‌ಎಇ’ ಸಂಖ್ಯೆ. ಇದು ತೈಲದ ಸ್ನಿಗ್ಧತೆಯನ್ನು, ಅಂದರೆ ಅದು ಎಷ್ಟು ಮಂದವಾಗಿ ಹರಿಯುತ್ತದೆ ಎಂಬುದನ್ನು ಸೂಚಿಸುತ್ತದೆ. ‘10ಡಬ್ಲ್ಯು-30’ ಎಂದಿದ್ದರೆ ಮೊದಲ ಭಾಗವು ಚಳಿಯಲ್ಲಿಯ ಗುಣವನ್ನೂ ಎರಡನೆಯದು ಎಂಜಿನ್ನು ಕಾದಾಗಿನ ಗುಣವನ್ನೂ ತಿಳಿಸುತ್ತದೆ. ಕೇವಲ ‘30’ ಎಂದಿರುವ ತೈಲವು ಚೆನ್ನೈಯಂತಹ ಸೆಕೆಯ ಊರಿಗೆ ಹೊಂದುತ್ತದೆ. ದೆಹಲಿಯ ಚಳಿಗಾಲದ ಮುಂಜಾನೆ ಅದು ಗಟ್ಟಿಯಾಗಿ ಎಂಜಿನ್ನನ್ನು ಚಾಲೂ ಮಾಡುವುದು ಕಷ್ಟವಾಗಬಹುದು. ಹಲವು ತಯಾರಕರು ಸಾಮಾನ್ಯ ಬಳಕೆಗೆ ‘10ಡಬ್ಲ್ಯು-30’ ತೈಲವನ್ನೇ ಸೂಚಿಸುತ್ತಾರೆ. ಕಡು ಬೇಸಿಗೆಯಲ್ಲಿ ಇದು ತುಸು ಹೆಚ್ಚು ಖರ್ಚಾಗಬಹುದಾದ್ದರಿಂದ ಮಟ್ಟವನ್ನು ಪದೇ ಪದೇ ಪರೀಕ್ಷಿಸುವುದು ಅವಶ್ಯಕ.

ಎರಡನೆಯದು ‘ಎಪಿಐ’ ದರ್ಜೆ. ಪೆಟ್ರೋಲ್ ಎಂಜಿನ್ನಿನ ತೈಲಕ್ಕೆ ‘ಎಸ್‌ಜೆ’, ‘ಎಸ್‌ಎಲ್’, ‘ಎಸ್‌ಎನ್’ ಎಂದು ‘ಎಸ್’ನಿಂದಲೂ, ಡೀಸೆಲ್ ಎಂಜಿನ್ನಿನದಕ್ಕೆ ‘ಸಿಎಚ್-4’, ‘ಸಿಐ-4’ ಎಂದು ‘ಸಿ’ಯಿಂದಲೂ ಆರಂಭವಾಗುವ ಗುರುತುಗಳಿರುತ್ತವೆ. ಪೆಟ್ರೋಲಿನೊಡನೆ ಬೆರೆಸುವ ಟೂ-ಸ್ಟ್ರೋಕ್ ತೈಲವನ್ನು ಫೋರ್-ಸ್ಟ್ರೋಕ್ ಎಂಜಿನ್ನಿಗೆ ಎಂದಿಗೂ ಹಾಕಬಾರದು.

ಮಟ್ಟ ಮತ್ತು ಬದಲಾವಣೆ

1. ಪ್ರತಿ ಸಲ ಚಾಲೂ ಮಾಡುವ ಮೊದಲು, ಯಂತ್ರವನ್ನು ಸಮತಟ್ಟಾದ ನೆಲದ ಮೇಲಿರಿಸಿ ಅಳತೆಕಡ್ಡಿಯಿಂದ ಮಟ್ಟವನ್ನು ನೋಡಬೇಕು. ಗಂಟೆಗಟ್ಟಲೆ ನಡೆಸುವಾಗ, ಇಂಧನ ತುಂಬಲು ಯಂತ್ರವನ್ನು ನಿಲ್ಲಿಸಿದಾಗಲೆಲ್ಲ ಪುನಃ ನೋಡಬೇಕು.

2. ಮೇಲಿನ ಗುರುತನ್ನು ಮೀರಿ ತುಂಬಬಾರದು. ಹೆಚ್ಚಾದ ತೈಲ ಗಾಳಿ ಶೋಧಕಕ್ಕೆ ನುಗ್ಗಿ ಹೊಗೆ ಏಳುತ್ತದೆ.

3. ಹೊಸ ಯಂತ್ರದ ತೈಲವನ್ನು ಮೊದಲ 20 ಗಂಟೆ ಅಥವಾ ಒಂದು ತಿಂಗಳಿಗೆ, ಅನಂತರ 100 ಗಂಟೆ ಅಥವಾ 6 ತಿಂಗಳಿಗೆ, ಯಾವುದು ಮೊದಲೋ ಆಗ, ಬದಲಿಸುವುದು ಸಾಮಾನ್ಯ ಕ್ರಮ. ಕೈಪಿಡಿಯಲ್ಲಿ ಬೇರೆ ಅವಧಿ ಇದ್ದರೆ ಅದನ್ನೇ ಪಾಲಿಸಬೇಕು. ದಿನಕ್ಕೆರಡು ಗಂಟೆ ನಡೆದರೆ 50 ದಿನಗಳಲ್ಲಿಯೇ 100 ಗಂಟೆ ತುಂಬುತ್ತದೆ. ಅಪರೂಪಕ್ಕೆ ನಡೆಸುವ ಯಂತ್ರದಲ್ಲಿಯೂ, ವಿಶೇಷವಾಗಿ ಮುಂಬಯಿಯ ಮಳೆಗಾಲದಲ್ಲಿ, ತೇವಾಂಶ ಸೇರಿ ತೈಲ ಕೆಡುತ್ತದೆ.

4. ತೈಲದಲ್ಲಿ ಪೆಟ್ರೋಲಿನ ವಾಸನೆ ಬಂದರೆ ಅಥವಾ ಅದು ಹಾಲುಬಣ್ಣಕ್ಕೆ ತಿರುಗಿದರೆ, ಅವಧಿಗೆ ಕಾಯದೆ ಬದಲಿಸಿ ಕಾರಣವನ್ನು ಪತ್ತೆ ಮಾಡಿಸಬೇಕು.

ತೈಲ ಕಡಿಮೆಯಾದಾಗ ತಾನಾಗಿ ನಿಲ್ಲುವ ಏರ್ಪಾಡು ಕೆಲವು ಯಂತ್ರಗಳಲ್ಲಿದೆ. ಅದು ತೈಲದ ಪ್ರಮಾಣವನ್ನು ಗಮನಿಸುತ್ತದೆಯೇ ಹೊರತು ಗುಣವನ್ನಲ್ಲ. ಅದನ್ನೇ ನಂಬಿ ಕೂರುವುದು ತರವಲ್ಲ.

ಕೊನೆಯ ಎರಡು ಎಚ್ಚರಿಕೆಗಳು

ತೆಗೆದ ತೈಲವನ್ನು ಚರಂಡಿಗಾಗಲಿ ಮಣ್ಣಿಗಾಗಲಿ ಸುರಿಯಬಾರದು. 2016ರ ಕೇಂದ್ರ ನಿಯಮಗಳು ಬಳಸಿದ ತೈಲವನ್ನು ಅಪಾಯಕಾರಿ ತ್ಯಾಜ್ಯಗಳ ಸಾಲಿಗೆ ಸೇರಿಸಿದವು. ಅದನ್ನು ಮುಚ್ಚಳವಿರುವ ಡಬ್ಬದಲ್ಲಿ ತುಂಬಿ, ಬಳಸಿದ ತೈಲವನ್ನು ಅಧಿಕೃತ ಸಂಸ್ಕರಣೆಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು.

ಜನರೇಟರನ್ನು ಮನೆಯೊಳಗೆ ಅಥವಾ ಮುಚ್ಚಿದ ಬಾಲ್ಕನಿಯಲ್ಲಿ ಎಂದಿಗೂ ನಡೆಸಕೂಡದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದ ಪ್ರಾಣಾಂತಕ ಅನಿಲ. ಉತ್ತಮ ತೈಲವು ಯಂತ್ರವನ್ನು ಕಾಪಾಡುತ್ತದೆ; ಮನೆಯವರನ್ನು ಕಾಪಾಡುವುದು ಬಳಸುವವರ ಎಚ್ಚರ.