ಭುಜಕ್ಕೆ ಆರಾಮ, ಕಿವಿಗೆ ಏಟು: ಕೋವಿಯ ‘ಮಜಲ್ ಬ್ರೇಕ್’ ಬಗ್ಗೆ ತಿಳಿದಿರಲಿ

ಕೈಲ್‌ಮುಹೂರ್ತ ಬಂತೆಂದರೆ ಕೊಡಗಿನ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಪಾಯಿಂಟ್ 22 ರೈಫಲ್, 12 ಬೋರ್ ಕೋವಿ ಹಿಡಿದವರು ಸಾಲುಗಟ್ಟಿದರೆ, ನೋಡಲು ಮಕ್ಕಳಿಂದ ಹಿಡಿದು ಅಜ್ಜಂದಿರವರೆಗೆ ಎಲ್ಲರೂ ಸೇರುತ್ತಾರೆ. ಗುಂಡು ಯಾರಿಗೂ ತಾಗದಂತೆ ಆಯೋಜಕರು ಎಚ್ಚರ ವಹಿಸುತ್ತಾರೆ. ಆದರೆ ಕಿವಿಯ ವಿಷಯಕ್ಕೆ ಬಂದರೆ, ‘ಸ್ವಲ್ಪ ಹೊತ್ತು ಗುಂಯ್ ಅನ್ನುತ್ತೆ, ಆಮೇಲೆ ಸರಿಹೋಗುತ್ತೆ ಬಿಡಿ’ ಎನ್ನುವವರೇ ಜಾಸ್ತಿ. ಎಲ್ಲ ಸಲವೂ ಸರಿಹೋಗುವುದಿಲ್ಲ.

ಏನಿದು ಮಜಲ್ ಬ್ರೇಕ್?

ರೈಫಲ್ ವಿಡಿಯೋ ನೋಡುವವರಿಗೆ ಈ ಹೆಸರು ಗೊತ್ತಿರಬಹುದು. ನಳಿಗೆಯ ತುದಿಗೆ ತಿರುಗಿಸಿ ಕೂರಿಸುವ, ಪಕ್ಕದಲ್ಲಿ ತೂತುಗಳಿರುವ ಲೋಹದ ತುಂಡು ಇದು. ಗುಂಡಿನ ಹಿಂದೆಯೇ ನುಗ್ಗಿ ಬರುವ ಬಿಸಿ ಅನಿಲವನ್ನು ಪಕ್ಕಕ್ಕೆ, ಕೆಲವು ಮಾದರಿಗಳಲ್ಲಿ ಸ್ವಲ್ಪ ಹಿಂದಕ್ಕೂ ತಿರುಗಿಸುತ್ತದೆ. ಹಾಗಾಗಿ ಭುಜಕ್ಕೆ ಬೀಳುವ ಒದೆತ ಕಡಿಮೆ. ಹೆಚ್ಚು ಶಕ್ತಿಯ ರೈಫಲ್‌ಗಳಿಗೆ ಇದರಿಂದ ಉಪಯೋಗ ಇದೆ. ಪಾಯಿಂಟ್ 22ಕ್ಕೆ ಒದೆತವೇ ಅಷ್ಟಕ್ಕಷ್ಟೆ, ಇದರ ಅಗತ್ಯವಿಲ್ಲ.

ಇದು ಸೈಲೆನ್ಸರ್ ಅಲ್ಲ, ಅದರ ಉಲ್ಟಾ. ಮುಂದಕ್ಕೆ ಹೋಗಬೇಕಿದ್ದ ಸದ್ದು ಹೊಡೆಯುವವನ ಕಡೆಗೆ, ಅದಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ನಿಂತವರ ಕಡೆಗೆ ತಿರುಗುತ್ತದೆ. ಒಬ್ಬರ ಭುಜ ಉಳಿಯಿತು, ಪಕ್ಕದವರ ಕಿವಿ ಹೋಯಿತು ಎಂಬಂತೆ.

ಎಷ್ಟು ಸದ್ದು ಅಪಾಯ?

ಸಿಡಿತದಂಥ ಸದ್ದಿಗೆ ದೊಡ್ಡವರಿಗೆ 140 ಡೆಸಿಬಲ್, ಮಕ್ಕಳಿಗೆ 120 ಡೆಸಿಬಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಪಾಯಿಂಟ್ 22 ರೈಫಲ್ ಸದ್ದೇ 140ರ ಆಸುಪಾಸು. 12 ಬೋರ್ ಕೋವಿ 150 ದಾಟುತ್ತದೆ, ದೊಡ್ಡ ರೈಫಲ್ 160ಕ್ಕೂ ಮೇಲೆ. ಡೆಸಿಬಲ್ ಲೆಕ್ಕದಲ್ಲಿ 10 ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಬ್ರೇಕ್ ಹಾಕಿದರೆ ಇದು ಇನ್ನೂ ಏರುತ್ತದೆ.

ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳಿವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಒಂದೇ ಗುಂಡಿನ ಸದ್ದು ಸಾಕು ಹಾನಿಗೆ. ಬಲಗೈಯಲ್ಲಿ ಹೊಡೆಯುವವರ ಎಡಗಿವಿ ನಳಿಗೆಯ ತುದಿಗೆ ಹತ್ತಿರ ಇರುವುದರಿಂದ ಸಾಮಾನ್ಯವಾಗಿ ಅದೇ ಮೊದಲು ಮಂದವಾಗುತ್ತದೆ. ಮೊದಲು ಹೋಗುವುದು ಸಣ್ಣ, ಕೀರಲು ಸದ್ದುಗಳು. ಹಕ್ಕಿ ಕೂಗು, ಮಕ್ಕಳ ಮಾತು. ಮನೆಯವರು ‘ಟಿವಿ ಸೌಂಡ್ ಯಾಕಿಷ್ಟು?’ ಅನ್ನುವ ಹೊತ್ತಿಗೆ ತಡವಾಗಿರುತ್ತದೆ.

ಏನು ಮಾಡಬೇಕು?

* ಹತ್ತಿ, ಬೆರಳು, ಮೊಬೈಲ್ ಇಯರ್‌ಫೋನ್ ನಂಬಬೇಡಿ. ಸ್ಪಂಜಿನ ಇಯರ್ ಪ್ಲಗ್ ಅಗ್ಗ. ಇಡೀ ಕಿವಿ ಮುಚ್ಚುವ ಇಯರ್ ಮಫ್ ಕೂಡ ಸಿಗುತ್ತದೆ.
* ಪ್ಲಗ್ಗನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ. ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗಿಡಿ. ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಉಬ್ಬಿಕೊಳ್ಳುತ್ತದೆ. ಅರ್ಧಂಬರ್ಧ ಹೊರಗಿದ್ದರೆ ಪ್ರಯೋಜನ ಇಲ್ಲ.
* ದೊಡ್ಡ ರೈಫಲ್ ಅಥವಾ ಬ್ರೇಕ್ ಇರುವ ರೈಫಲ್ ಆದರೆ ಪ್ಲಗ್ ಮತ್ತು ಮಫ್ ಎರಡೂ ಹಾಕಿ.
* ಹೊಡೆಯುವವರ ಪಕ್ಕ ನಿಲ್ಲಬೇಡಿ, ದೂರ ಹಿಂದೆ ನಿಲ್ಲಿ. ತಗಡಿನ ಶೀಟಿನ ಕೆಳಗೆ ಸದ್ದು ಬಡಿದು ವಾಪಸ್ ಬರುತ್ತದೆ. ಎಳೆ ಮಕ್ಕಳನ್ನು ಹತ್ತಿರ ತರಲೇಬೇಡಿ.
* ಗುಂಡು ಹೊಡೆದ ಮೇಲೆ ಕಿವಿ ಮಂದವಾಗಿದ್ದು ಅಥವಾ ಗುಂಯ್ ಸದ್ದು ಮರುದಿನವೂ ಇದ್ದರೆ ಕಾಯಬೇಡಿ, ಇಎನ್‌ಟಿ ವೈದ್ಯರ ಬಳಿ ಹೋಗಿ. ಬೇಗ ಹೋದರೆ ಚಿಕಿತ್ಸೆಗೆ ಅವಕಾಶ ಇರುತ್ತದೆ.

ಸ್ಪರ್ಧೆ ಆಯೋಜಿಸುವವರು ಹೆಸರು ನೋಂದಣಿ ಮೇಜಿನ ಮೇಲೆ ಒಂದು ಡಬ್ಬಿ ಇಯರ್ ಪ್ಲಗ್ ಇಟ್ಟರೆ ಎಷ್ಟೋ ಕಿವಿ ಉಳಿಯುತ್ತದೆ. ಮೆಡಿಕಲ್ ಶಾಪ್, ಹಾರ್ಡ್‌ವೇರ್ ಅಂಗಡಿಯವರೂ ಹಬ್ಬಕ್ಕೆ ಮುಂಚೆ ನಾಲ್ಕು ಡಬ್ಬಿ ತರಿಸಿಡಬಹುದು. ಕೋವಿ ಪೂಜೆ ಮಾಡಿ ತಲೆಮಾರುಗಳಿಂದ ಜೋಪಾನ ಮಾಡಿದ ಊರು ನಮ್ಮದು. ಕಿವಿಯನ್ನೂ ಅಷ್ಟೇ ಜೋಪಾನ ಮಾಡೋಣ.