ಹೈದರಾಬಾದ್‌–ಚಿಕಾಗೋ: ಗಡಿಯಾರದ ಲೆಕ್ಕ, ದೇಹದ ಲೆಕ್ಕ

ಮಕ್ಕಳನ್ನು ಕಾಣಲು ಅಮೆರಿಕೆಗೆ ಹೊರಡುವ ಹಿರಿಯರು ಬೇಗಂಪೇಟೆಯಲ್ಲಿ ಈಗ ಅಪರೂಪವಲ್ಲ. ಹಿಂದೆ ಮನೆಯ ಸಮೀಪದಲ್ಲಿಯೇ ವಿಮಾನವೇರುವ ಸೌಕರ್ಯವಿತ್ತು. 2008ರ ಮಾರ್ಚ್ 23ರಿಂದ ಪ್ರಯಾಣಿಕರ ವಿಮಾನಗಳು ಶಂಷಾಬಾದಿನಿಂದ ಹೊರಡುತ್ತಿವೆ. ಆದುದರಿಂದ ರಸ್ತೆಯಲ್ಲಿ ಕಳೆಯುವ ವೇಳೆಯನ್ನೂ ನಿಲ್ದಾಣದ ತಪಾಸಣೆಗೆ ಬೇಕಾಗುವ ಎರಡು-ಮೂರು ಗಂಟೆಗಳನ್ನೂ ಪ್ರಯಾಣದ ಲೆಕ್ಕಕ್ಕೇ ಸೇರಿಸತಕ್ಕದ್ದು.

ಹೈದರಾಬಾದಿನಿಂದ ಚಿಕಾಗೋ ನಗರಕ್ಕೆ ನೇರ ಅಂತರ ಸುಮಾರು 13,300 ಕಿ.ಮೀ. ಗೋಡೆಯ ಭೂಪಟವನ್ನು ನೋಡಿದವರು ವಿಮಾನವು ಪಶ್ಚಿಮಕ್ಕೆ ಸಾಗಿ ಅಟ್ಲಾಂಟಿಕ್ ಸಾಗರವನ್ನು ದಾಟುವುದೆಂದು ಭಾವಿಸುತ್ತಾರೆ. ಆದರೆ ಭೂಗೋಳದ ಮೇಲೆ ಈ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಿದರೆ, ಅದು ಉತ್ತರಕ್ಕೇ ಏರಿ, ಆರ್ಕ್ಟಿಕ್ ಸಾಗರವನ್ನು ದಾಟಿ, ಕೆನಡಾದ ಮೇಲಿಂದ ಇಳಿಯುತ್ತದೆ. ಗಾಳಿಯ ಸ್ಥಿತಿಯನ್ನೂ ಯಾವ ದೇಶದ ಆಕಾಶಮಾರ್ಗ ತೆರೆದಿದೆ ಎಂಬುದನ್ನೂ ನೋಡಿ ವಿಮಾನಗಳು ಈ ಗೆರೆಯಿಂದ ಬಳಸಿ ಹೋಗುವುದುಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯು ಈ ನಗರಗಳ ನಡುವೆ ಎಲ್ಲಿಯೂ ಇಳಿಯದ ವಿಮಾನವನ್ನು ಆರಂಭಿಸಿದಾಗ, ಹೋಗುವ ಪಯಣಕ್ಕೆ ಹದಿನಾರು ಗಂಟೆಗಳಿಗೂ ಮೀರಿದ ಕಾಲ ಬೇಕಿತ್ತು. ನಡುವೆ ವಿಮಾನ ಬದಲಿಸುವವರಿಗೆ ಇಪ್ಪತ್ತು ಗಂಟೆ ದಾಟುವುದು ಸಾಮಾನ್ಯ.

ಗೊಂದಲ ಹುಟ್ಟುವುದು ಗಡಿಯಾರದಿಂದ. ಚಿಕಾಗೋದ ವೇಳೆ ನಮ್ಮದಕ್ಕಿಂತ ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ, ಬೇಸಗೆಯಲ್ಲಿ ಹತ್ತೂವರೆ ಗಂಟೆ ಹಿಂದಿರುತ್ತದೆ. ಚಳಿಗಾಲದಲ್ಲಿ ಇಲ್ಲಿಂದ ಮಧ್ಯಾಹ್ನ 1 ಗಂಟೆಗೆ ಹೊರಟವರು ಅಲ್ಲಿ ಅಂದೇ ಸಂಜೆ 6 ಗಂಟೆಗೆ ಇಳಿದರೆಂದು ಇಟ್ಟುಕೊಳ್ಳೋಣ. ಟಿಕೆಟಿನ ಮೇಲೆ ಕಾಣುವುದು ಐದು ಗಂಟೆ. ದೇಹ ಕುಳಿತದ್ದು ಹದಿನಾರೂವರೆ ಗಂಟೆ. ಉಳಿದಂತೆ ತೋರುವ ವೇಳೆ ಲಾಭವಲ್ಲ, ಮರಳುವಾಗ ಪೂರ್ತಿ ತೀರಿಸಬೇಕಾದ ಕೈಗಡ.

ಸಕ್ಕರೆ ಕಾಯಿಲೆಯವರಿಗೆ ಈ ಕೈಗಡ ಅಪಾಯಕರ. ದಿನವೂ ರಾತ್ರಿ 9 ಗಂಟೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಹೋಗುವಾಗ ಚಿಕಾಗೋದ ರಾತ್ರಿ 9 ಗಂಟೆಗೇ ಕಾದರೆ, ಎರಡು ಚುಚ್ಚುಮದ್ದುಗಳ ನಡುವೆ ಮೂವತ್ತೈದೂವರೆ ಗಂಟೆಗಳ ಅಂತರ ಬೀಳುತ್ತದೆ. ಬರುವಾಗ ಅದೇ ನಿಯಮವನ್ನು ಪಾಲಿಸಿದರೆ ಅಂತರ ಹನ್ನೆರಡೂವರೆ ಗಂಟೆ ಮಾತ್ರ. ರಕ್ತದ ಸಕ್ಕರೆ ಅತಿಯಾಗಿ ಇಳಿದುಹೋಗಬಹುದು. ಹೊರಡುವ ಮೊದಲೇ ವಿಮಾನದ ವೇಳಾಪಟ್ಟಿಯನ್ನು ವೈದ್ಯರ ಮುಂದಿಟ್ಟು, ಯಾವ ಹೊತ್ತಿಗೆ ಎಷ್ಟು ಎಂಬುದನ್ನು ಬರೆಸಿಕೊಳ್ಳಬೇಕು. ಔಷಧಿಗಳು ಕೈಚೀಲದಲ್ಲಿಯೇ ಇರಬೇಕು. ಒಪ್ಪಿಸಿದ ಪೆಟ್ಟಿಗೆ ದಾರಿಯಲ್ಲಿ ಕೈಗೆ ಸಿಗದು.

ಇನ್ನು ಕಾಲುಗಳ ವಿಷಯ. ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ನಾಲ್ಕು ಗಂಟೆಗೂ ಮೀರಿ ಕುಳಿತೇ ಇದ್ದರೆ ಆಳದ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಪಕ್ಕದವರನ್ನು ಎಬ್ಬಿಸಲು ಸಂಕೋಚಪಟ್ಟು ನೀರು ಕುಡಿಯದೆ ಕೂರುವುದು ನಮ್ಮ ಹಿರಿಯರ ಸ್ವಭಾವ. ಈ ಸಂಕೋಚ ಸಲ್ಲದು. ಆಗಾಗ ಎದ್ದು ನಡೆಯಬೇಕು, ಕುಳಿತಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸಬೇಕು. ಇಳಿದ ಮೇಲೆ, ಕೆಲವು ವಾರಗಳ ನಂತರವಾದರೂ ಸರಿಯೆ, ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ವಿಮಾನದಲ್ಲಿ ಬಂದ ಸಂಗತಿಯನ್ನು ವೈದ್ಯರಿಗೆ ಮೊದಲು ತಿಳಿಸಬೇಕು.