ಒಂದು ನೊಗಕ್ಕೆ ಎರಡು ಕದಿರು

ಘಟ್ಟದ ಇಳಿಜಾರಿನಲ್ಲಿ ಕಾರು ನಡೆಸುವವನು ಬ್ರೇಕನ್ನು ತುಳಿದಾಗ ಅವನ ಪ್ರಾಣವು ಆ ಕ್ಷಣಕ್ಕೆ ಒಂದು ಎರಕದ ತುಂಡನ್ನು ನಂಬಿರುತ್ತದೆ. ಚಕ್ರದೊಡನೆ ತಿರುಗುವ ಲೋಹದ ತಟ್ಟೆಯನ್ನು ಇಕ್ಕಳದಂತೆ ಎರಡು ಕಡೆಯಿಂದಲೂ ಅಮುಕಿ ಹಿಡಿಯುವ ಈ ತುಂಡಿಗೆ ಕ್ಯಾಲಿಪರ್ ಎಂದು ಹೆಸರು. ಅದರೊಳಗೆ ಪಿಸ್ಟನ್ ಸರಿದಾಡುವ ಒಂದು ರಂಧ್ರ; ರಂಧ್ರದ ಗೋಡೆಯಲ್ಲಿ ರಬ್ಬರ್ ಉಂಗುರವನ್ನು ಕೂರಿಸಲು ಒಂದು ತೋಡು. ನೋಟಕ್ಕೆ ಅಲ್ಪವಾದರೂ ಈ ತೋಡಿನ ಕೆಲಸ ಅಲ್ಪವಲ್ಲ. ಬ್ರೇಕಿನ ಎಣ್ಣೆ ಸೋರದಂತೆ ತಡೆಯುವುದು ಅದರಲ್ಲಿ ಕುಳಿತ ಉಂಗುರ. ತುಳಿದ ಕಾಲನ್ನು ತೆಗೆದೊಡನೆ, ಮುಂದಕ್ಕೆ ಬಾಗಿದ್ದ ಉಂಗುರವು ತನ್ನ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನನ್ನು ಕೂದಲೆಳೆಯಷ್ಟು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ತೋಡು ಮಿತಿಮೀರಿ ಆಳವಾದರೆ ಎಣ್ಣೆ ಜಿನುಗೀತು. ಅದರ ಆಕಾರ ಕೆಟ್ಟರೆ ಬ್ರೇಕು ಬಿಡದೆ ಚಕ್ರವು ಕಾದೀತು. ತಪ್ಪಿಗೆ ಇಲ್ಲಿರುವ ಅವಕಾಶ ಮಿಲಿಮೀಟರಿನ ನೂರರ ಕೆಲವು ಭಾಗಗಳಷ್ಟೆ.

ಇಂಥದೊಂದು ತುಂಡನ್ನು ನುರಿತ ಕೆಲಸಗಾರನೊಬ್ಬನು ಯಂತ್ರದ ಮುಂದೆ ನಿಂತು ಸಾವಧಾನವಾಗಿ ಕಡೆದು ಕೊಟ್ಟಾನು. ತೊಡಕಿರುವುದು ಸಂಖ್ಯೆಯಲ್ಲಿ. ದಿನಕ್ಕೆ 1000 ಕಾರುಗಳನ್ನು ಹೊರಡಿಸುವ ಒಂದು ಕಾರ್ಖಾನೆ ಇದೆಯೆಂದು ಇಟ್ಟುಕೊಳ್ಳಿ. ನಾಲ್ಕು ಚಕ್ರಗಳಿಗೂ ಕ್ಯಾಲಿಪರ್ ಬೇಕಾದರೆ ದಿನಕ್ಕೆ 4000 ಆಯಿತು. ಯಂತ್ರಗಳು 20 ಗಂಟೆ ದುಡಿದರೂ 18 ಸೆಕೆಂಡಿಗೆ ಒಂದರಂತೆ ಹೊರಬೀಳಲೇಬೇಕು. ಒಂದನ್ನು ಕಡೆಯುವುದಕ್ಕೇ ಒಂದೂವರೆ ನಿಮಿಷ ಹಿಡಿಯುವುದಾದರೆ ಗತಿಯೇನು?

ಇದಕ್ಕೆ ಅಮೆರಿಕವು ಕಂಡುಕೊಂಡ ಉತ್ತರವೇ ಟ್ರಾನ್ಸ್‌ಫರ್ ಲೈನ್. ನೂರಾರು ಅಡಿ ಉದ್ದಕ್ಕೆ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಒಂದೊಂದೇ ಕೆಲಸವನ್ನು ಹಚ್ಚಿ, ಎರಕದ ತುಂಡು ಒಂದರಿಂದ ಇನ್ನೊಂದಕ್ಕೆ ತಾನಾಗಿಯೇ ಜಾರಿಕೊಂಡು ಹೋಗುವಂತೆ ಮಾಡುವ ಏರ್ಪಾಡು ಇದು. ಫೋರ್ಡ್ ಕಂಪನಿಯು 1947ರಲ್ಲಿ ಇಂಥ ಕೆಲಸಕ್ಕಾಗಿಯೇ 'ಆಟೊಮೇಷನ್' ಎಂಬ ವಿಭಾಗವನ್ನು ತೆರೆಯಿತು. 1950ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡಿನ ಸಮೀಪ ಅದು ಕಟ್ಟಿದ ಎಂಜಿನ್ ಕಾರ್ಖಾನೆಯನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಗಂಟೆಗೆ 154 ಎಂಜಿನ್ ಬ್ಲಾಕುಗಳನ್ನು ಕಡೆಯಲು ಹಿಂದೆ 117 ಮಂದಿ ಬೇಕಾಗಿದ್ದರೆ ಅಲ್ಲಿ 41 ಮಂದಿ ಸಾಕಾದರು. ಉಳಿದ 76 ಮಂದಿಯ ಗತಿ ಏನೆಂಬುದನ್ನು ಆ ಲೆಕ್ಕ ಹೇಳುವುದಿಲ್ಲ. ಮೋಟಾರು ಕಾರ್ಮಿಕರ ಸಂಘದ ಮುಖಂಡ ವಾಲ್ಟರ್ ರಾಯ್ಥರ್ ಆ ಕಾರ್ಖಾನೆಯನ್ನು ಸಂದರ್ಶಿಸಿದುದನ್ನು ಮುಂದೆ ತಮ್ಮ ಭಾಷಣಗಳಲ್ಲಿ ನೆನೆಯುತ್ತಿದ್ದರು. ಈ ಯಂತ್ರಗಳಿಂದ ಸಂಘದ ಚಂದಾ ವಸೂಲು ಮಾಡುವುದು ಹೇಗೆಂದು ಕಂಪನಿಯ ಅಧಿಕಾರಿಯೊಬ್ಬರು ಛೇಡಿಸಿದರಂತೆ. ಇವುಗಳಿಗೆ ಕಾರು ಮಾರುವುದು ಹೇಗೆಂದು ರಾಯ್ಥರ್ ಮರುಪ್ರಶ್ನೆ ಹಾಕಿದರಂತೆ.

ಟ್ರಾನ್ಸ್‌ಫರ್ ಲೈನಿನ ದೋಷವು ಬೇರೊಂದು ಕಡೆಯಲ್ಲಿತ್ತು. ಅದು ಹಳಿಯ ಮೇಲಿನ ರೈಲಿದ್ದಂತೆ. ಎಂಜಿನ್ನಿನ ಒಂದು ರಂಧ್ರವನ್ನು ಅರ್ಧ ಅಂಗುಲ ಪಕ್ಕಕ್ಕೆ ಸರಿಸಬೇಕೆಂದು ಎಂಜಿನಿಯರನು ನಕ್ಷೆಯಲ್ಲಿ ತಿದ್ದಿದರೆ ಸಾಲಿನ ಯಂತ್ರವನ್ನೇ ಬಿಚ್ಚಿ ಕಟ್ಟಬೇಕು. ಕೋಟಿಗಟ್ಟಲೆ ಹಣ ಸುರಿದು ನಿಲ್ಲಿಸಿದ ಸಾಲು, ಹೊಸ ಆಲೋಚನೆಗೆ ಅಡ್ಡಲಾಗಿ ಮಲಗಿದ ಕಂಬದಂತಾಗುತ್ತಿತ್ತು.

ಅದೇ ಕಾಲದಲ್ಲಿ ಬೇರೊಂದು ದಾರಿಯೂ ತೆರೆಯುತ್ತಿತ್ತು. ಜಾನ್ ಪಾರ್ಸನ್ಸ್ ಎಂಬಾತನ ಕಲ್ಪನೆಯಿಂದ ಹುಟ್ಟಿ, ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಬೆಳೆದ ಸಂಖ್ಯಾನಿಯಂತ್ರಿತ ಮಿಲ್ಲಿಂಗ್ ಯಂತ್ರವನ್ನು 1952ರಲ್ಲಿ ಲೋಕಕ್ಕೆ ತೋರಿಸಲಾಯಿತು. ರಂಧ್ರಗಳನ್ನು ಕೊರೆದ ಕಾಗದದ ಪಟ್ಟಿಯು ಅದಕ್ಕೆ ಆಜ್ಞೆ ಕೊಡುತ್ತಿತ್ತು. ಆ ದಶಕದ ಕೊನೆಗೆ ಮಿಲ್ವಾಕಿಯ ಕರ್ನಿ ಆಂಡ್ ಟ್ರೆಕರ್ ಕಂಪನಿಯು ಬೈರಿಗೆ ಮುಂತಾದ ಆಯುಧಗಳನ್ನು ತಾನೇ ಬದಲಾಯಿಸಿಕೊಳ್ಳುವ ಯಂತ್ರವನ್ನು ಹೊರತಂದಿತು. ಇದೇ ಮಷೀನಿಂಗ್ ಸೆಂಟರ್. ನಕ್ಷೆ ಬದಲಾದರೆ ಇಲ್ಲಿ ಆಜ್ಞೆಯನ್ನು ತಿದ್ದಿದರಾಯಿತು. ಆದರೆ ಸಾಲಿನಲ್ಲಿ ಹತ್ತಾರು ಯಂತ್ರಗಳು ಏಕಕಾಲಕ್ಕೆ ಮಾಡುತ್ತಿದ್ದುದನ್ನು ಇದು ಒಂದಾದ ಮೇಲೊಂದರಂತೆ ಒಂಟಿಯಾಗಿ ಮಾಡುತ್ತದೆ. ಬಗ್ಗುವ ಗುಣ ಬಂದಿತು, ವೇಗ ಹೋಯಿತು.

ಎರಡೂ ಬೇಕೆನ್ನುವವರ ಮುಂದೆ ಬಂದು ನಿಂತುದು ಜೋಡಿ ಸ್ಪಿಂಡಲಿನ ಯಂತ್ರ. ಸ್ಪಿಂಡಲ್ ಎಂದರೆ ಆಯುಧವನ್ನು ಕಚ್ಚಿಕೊಂಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ದಂಡ. ಚರಕದ ಕದಿರಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು. ಒಂದೇ ಪೀಠದ ಮೇಲೆ, ಒಂದೇ ನಿಯಂತ್ರಕದ ಆಜ್ಞೆಗೆ ಒಳಪಟ್ಟು, ಅಕ್ಕಪಕ್ಕದಲ್ಲಿ ಇಂಥ ಎರಡು ಕದಿರುಗಳು ಕೆಲಸ ಮಾಡುತ್ತವೆ. ಎಡಗಡೆಯದು ರಂಧ್ರ ಕೊರೆಯುವಾಗ ಬಲಗಡೆಯದೂ ಅದೇ ರಂಧ್ರವನ್ನು ಇನ್ನೊಂದು ತುಂಡಿನಲ್ಲಿ ಕೊರೆಯುತ್ತದೆ. ಜೋಡೆತ್ತಿನ ಉಳುಮೆಯೆಂದರೆ ಇದೇ. ಅನೇಕ ಯಂತ್ರಗಳಲ್ಲಿ ತುಂಡುಗಳನ್ನು ಬಿಗಿಯುವ ಮೇಜಿಗೆ ಎರಡು ಮುಖಗಳಿರುತ್ತವೆ. ಒಳಮುಖದಲ್ಲಿ ಕಡೆತ ಸಾಗುತ್ತಿರುವಾಗಲೇ ಹೊರಮುಖದಲ್ಲಿ ಮುಗಿದುದನ್ನು ಇಳಿಸಿ ಹೊಸದನ್ನು ಏರಿಸಲಾಗುತ್ತದೆ. ಮೇಲಿನ ಕಾರ್ಖಾನೆಯ ಲೆಕ್ಕಕ್ಕೆ ಒಂಟಿ ಸ್ಪಿಂಡಲಿನ ಯಂತ್ರಗಳು 5 ಬೇಕಾದರೆ ಜೋಡಿಯವು 3 ಸಾಕು. ನೆಲವೂ ಉಳಿಯಿತು, ತಂಪುನೀರಿನ ತೊಟ್ಟಿ, ಸಿಪ್ಪೆ ಸಾಗಿಸುವ ಪಟ್ಟಿ, ನಿಯಂತ್ರಕ ಎಲ್ಲವೂ ಎರಡೆರಡು ಕಡಿಮೆಯಾದವು.

ದಕ್ಷಿಣ ಜರ್ಮನಿಯ ಊರುಗಳು ಈ ಯಂತ್ರಕ್ಕೆ ತವರು ಎನ್ನಬಹುದು. ಡ್ಯಾನ್ಯೂಬ್ ನದಿಯ ದಂಡೆಯ ಟುಟ್ಲಿಂಗನ್ ಶಸ್ತ್ರವೈದ್ಯರ ಚಾಕು, ಕತ್ತರಿಗಳಿಗೆ ಹೆಸರಾದ ಊರು. ಅಲ್ಲಿಯ ಕಿರಾನ್ ಕಂಪನಿ 1921ರಲ್ಲಿ ಅಂಥ ಉಪಕರಣಗಳನ್ನು ಮಾಡುತ್ತಲೇ ಹುಟ್ಟಿ, ಮುಂದೆ ಮಷೀನಿಂಗ್ ಸೆಂಟರುಗಳಿಗೆ ಹೊರಳಿ, ಜೋಡಿ ಸ್ಪಿಂಡಲಿನವುಗಳಿಗೆ ಪ್ರಸಿದ್ಧವಾಯಿತು. ಕಪ್ಪು ಕಾಡಿನ ಸೀಮೆಯ ಎಸ್‌ಡಬ್ಲ್ಯು ಎಂಬ ಇನ್ನೊಂದು ಕಂಪನಿಯು ನಾಲ್ಕು ಸ್ಪಿಂಡಲುಗಳ ಯಂತ್ರಗಳನ್ನೂ ಮಾಡಿದೆ.

ಎರಡು ಕದಿರು ಹೂಡುವುದು ಇಷ್ಟು ಸುಲಭವಾದರೆ ಹತ್ತು ಹೂಡಬಾರದೇಕೆ ಎಂದು ವಾಚಕರು ಕೇಳಿಯಾರು. ಉತ್ತರವು ಶಾಖದಲ್ಲಿದೆ. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಕಾದರೆ ಮಿಲಿಮೀಟರಿನ ಸಾವಿರದ 12 ಭಾಗದಷ್ಟು ಬೆಳೆಯುತ್ತದೆ. ಅರ್ಧ ಮೀಟರಿನ ಸ್ಪಿಂಡಲು ಗರಗರನೆ ತಿರುಗಿ 10 ಡಿಗ್ರಿ ಕಾದರೆ 60 ಭಾಗ ಬೆಳೆಯಿತು. ತಲೆಗೂದಲಿನ ದಪ್ಪಕ್ಕೆ ಹತ್ತಿರವಾಯಿತು. ಎರಡೂ ಸಮನಾಗಿ ಬೆಳೆದರೆ ಚಿಂತೆಯಿಲ್ಲ, ನಿಯಂತ್ರಕವು ಅಷ್ಟನ್ನು ಕಳೆದುಕೊಂಡೀತು. ಆದರೆ ಒಂದರ ಬೇರಿಂಗು ಹಳೆಯದು, ಇನ್ನೊಂದರದು ಹೊಸದು. ಒಂದರ ಬೈರಿಗೆ ಮೊಂಡು, ಇನ್ನೊಂದರದು ಹರಿತ. ಒಂದೇ ತಾಯಿಯ ಅವಳಿಗಳಾದರೂ ಮೈಬಿಸಿ ಬೇರೆ ಬೇರೆ. ಆದುದರಿಂದ ಸ್ಪಿಂಡಲಿನ ಸುತ್ತ ತಣ್ಣನೆಯ ದ್ರವವನ್ನು ಹರಿಸುತ್ತಾರೆ. ಉತ್ತಮ ಯಂತ್ರಗಳಲ್ಲಿ ಒಂದೊಂದು ಸ್ಪಿಂಡಲೂ ಮುಂದಕ್ಕೆ ಹಿಂದಕ್ಕೆ ಪ್ರತ್ಯೇಕವಾಗಿ ಸರಿಯುವಂತೆ ಮಾಡಿ, ಒಂದೊಂದು ಆಯುಧದ ಉದ್ದವನ್ನೂ ಬೇರೆಯಾಗಿಯೇ ಅಳೆದು ತಿದ್ದುತ್ತಾರೆ. ನೊಗ ಒಂದೇ ಆದರೂ ಮೂಗುದಾರ ಎರಡು.

ಶಾಖಕ್ಕಿಂತ ಕ್ಷುದ್ರವಾದ ಶತ್ರುವೂ ಒಂದುಂಟು. ಆಯುಧ ಬದಲಾಗುವ ಸೆಕೆಂಡಿನಲ್ಲಿ ಲೋಹದ ಒಂದು ಸಿಪ್ಪೆ ಹಾರಿಬಂದು ಸ್ಪಿಂಡಲಿನ ಬಾಯಲ್ಲಿ ಸಿಕ್ಕಿಕೊಂಡರೆ ಸಾಕು; ಆಯುಧ ಓರೆಯಾಗಿ ಕೂತು ರಂಧ್ರವೆಲ್ಲ ದೊಡ್ಡದಾಗುತ್ತದೆ. ಆಗ ಎಡಗಡೆಯ ಕ್ಯಾಲಿಪರ್ ಚೊಕ್ಕವಾಗಿದ್ದು ಬಲಗಡೆಯದು ಕೆಟ್ಟಿರುತ್ತದೆ. ಒಂದು ಗಂಟೆಯ ತರುವಾಯ ದೋಷ ಕಂಡುಬಂದರೆ, ಬುಟ್ಟಿಯಲ್ಲಿ ಬೆರೆತುಹೋದ 80 ತುಂಡುಗಳಲ್ಲಿ ಬಲಗಡೆಯ 40 ಯಾವುವು? ಇದಕ್ಕಾಗಿಯೇ ಎಚ್ಚರವುಳ್ಳ ಕಾರ್ಖಾನೆಗಳಲ್ಲಿ ಪ್ರತಿಯೊಂದು ತುಂಡಿನ ಮೇಲೂ ಅದು ಯಾವ ಸ್ಪಿಂಡಲಿನಲ್ಲಿ ಹುಟ್ಟಿತೆಂಬ ಗುರುತನ್ನು ಒತ್ತುತ್ತಾರೆ. ಘಟ್ಟದಲ್ಲಿ ಬ್ರೇಕು ತುಳಿಯುವವನಿಗೆ ಈ ಗುರುತಿನ ಅರಿವಿಲ್ಲ. ಅವನ ಕ್ಷೇಮ ಮಾತ್ರ ಅದನ್ನು ಒತ್ತಿದವನ ಶ್ರದ್ಧೆಯಲ್ಲಿದೆ.

ಜೋಡೆತ್ತಿನಲ್ಲಿ ಒಂದು ಕುಂಟಿದರೆ ನೇಗಿಲು ನಿಂತಂತೆ, ಒಂದು ಬೈರಿಗೆ ಮುರಿದರೆ ಎರಡೂ ಸ್ಪಿಂಡಲುಗಳು ನಿಲ್ಲಬೇಕು. ಇನ್ನೊಂದು ಸೋಜಿಗವೂ ಇದೆ: ಕಾರಿನ ಎಡಚಕ್ರದ ಕ್ಯಾಲಿಪರು ಬಲಚಕ್ರದ್ದಕ್ಕೆ ಕನ್ನಡಿಯ ಪ್ರತಿಬಿಂಬದಂತೆ. ಒಟ್ಟಿಗೆ ಚಲಿಸುವ ಜೋಡಿಯು ಪ್ರತಿಬಿಂಬವನ್ನು ಕಡೆಯಲಾರದು. ಅವಳಿ ಯಂತ್ರದಲ್ಲಿ ಎರಡು ಎಡದವು, ಅನಂತರ ಎರಡು ಬಲದವು ಹುಟ್ಟುತ್ತವೆಯೇ ಹೊರತು, ಕಾರಿನಲ್ಲಿ ಜೊತೆಯಾಗುವ ಎಡಬಲಗಳು ಯಂತ್ರದಲ್ಲಿ ಜೊತೆಯಾಗುವುದಿಲ್ಲ.

ಕೆಲಸಗಾರನ ಪಾಲಿಗೆ ಬದಲಾದುದೇನು? ಕ್ಲೀವ್‌ಲ್ಯಾಂಡಿನಲ್ಲಿ ಕಡಿಮೆಯಾದ ಕೈಗಳು ಇಲ್ಲಿ ಮತ್ತಷ್ಟು ಕಡಿಮೆಯಾಗಿವೆ. ತುಂಡನ್ನು ಎತ್ತಿಡಲು ಯಂತ್ರದ ತೋಳು ಬಂದಿದೆ. ಒಬ್ಬನು ನಾಲ್ಕಾರು ಯಂತ್ರಗಳನ್ನು ಕಾಯುತ್ತಾನೆ. ಆದರೆ ಕಾಯುವವನು ಕೇವಲ ಕಾವಲುಗಾರನಾದರೆ ನಡೆಯದು. ಅಳತೆ ಯಾವ ಕಡೆಗೆ ಜಾರುತ್ತಿದೆಯೆಂದು ಮೊದಲೇ ಗ್ರಹಿಸಿ, ಎರಡರಲ್ಲಿ ಯಾವ ಸ್ಪಿಂಡಲಿಗೆ ಎಷ್ಟು ತಿದ್ದುಪಡಿ ಕೊಡಬೇಕೆಂದು ಅವನು ತಿಳಿದಿರಬೇಕು. ಕೈಯ ಬಲ ಹೋಗಿ ಕಣ್ಣಿನ ಬಲ ಬೇಕಾಗಿದೆ; ಸಂಬಳವೂ ಅದಕ್ಕೆ ತಕ್ಕಂತೆ ಏರಿತೇ ಎಂಬುದು ಊರೂರಿಗೂ ಬೇರೆ ಕಥೆ.

ಯಂತ್ರೋಪಕರಣಗಳು ಕರ್ನಾಟಕಕ್ಕೆ ಹೊಸತಲ್ಲ. ಎಚ್‌ಎಂಟಿ 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಯಂತ್ರೋಪಕರಣಗಳ ಸಂಶೋಧನೆಗೆ ಕೇಂದ್ರ ಸಂಸ್ಥೆಯು 1962ರಲ್ಲಿ ಬಂದಿತು. ಪೀಣ್ಯದಂಥ ಕಡೆ ಮೋಟಾರು ಬಿಡಿಭಾಗ ಮಾಡುವ ಸಣ್ಣ ಮಾಲೀಕನಿಗೆ ಈ ಜೋಡಿ ಯಂತ್ರವು ಆಸೆಯೂ ಹೌದು, ಅಂಜಿಕೆಯೂ ಹೌದು. ಆಯುಧಗಳು ಎರಡೆರಡು, ತುಂಡನ್ನು ಬಿಗಿಯುವ ಫಿಕ್ಸ್‌ಚರುಗಳು ಎರಡೆರಡು, ಹೊಂದಿಸುವ ಶ್ರಮವೂ ಇಮ್ಮಡಿ. ವರ್ಷಗಟ್ಟಲೆ ಒಂದೇ ತುಂಡಿಗೆ ಬೇಡಿಕೆಯಿದ್ದರೆ ಬಂಗಾರ; ಇಂದು ಇನ್ನೂರು, ನಾಳೆ ಬೇರೆಯದು ಮುನ್ನೂರು ಎನ್ನುವವನು ಸಾಲ ಮಾಡಿ ಇದನ್ನು ತಂದರೆ ಬಡ್ಡಿ ಓಡುತ್ತದೆ, ಕದಿರು ಓಡುವುದಿಲ್ಲ. ಅಂಥವನಿಗೆ ಒಂಟಿ ಸ್ಪಿಂಡಲೇ ಲೇಸು.

ಈಗ ವಿದ್ಯುತ್ ಕಾರುಗಳು ಬಂದು ಲೆಕ್ಕವನ್ನು ಮತ್ತೆ ಕಲಕಿವೆ. ಅವುಗಳಲ್ಲಿ ಸಿಲಿಂಡರ್ ಬ್ಲಾಕಿಲ್ಲ, ಕನೆಕ್ಟಿಂಗ್ ರಾಡಿಲ್ಲ. ಅವನ್ನು ಕಡೆಯಲೆಂದು ಕೊಂಡ ಯಂತ್ರಗಳಿಗೆ ಮೋಟಾರಿನ ಅಲ್ಯುಮಿನಿಯಂ ಕವಚದಂಥ ಬೇರೆ ಕೆಲಸವನ್ನು ಹುಡುಕಬೇಕು. ಹಳೆಯ ಟ್ರಾನ್ಸ್‌ಫರ್ ಲೈನಾಗಿದ್ದರೆ ಗುಜರಿಗೇ ಹೋಗಬೇಕಿತ್ತು. ಜೋಡಿ ಯಂತ್ರಕ್ಕಾದರೆ ಫಿಕ್ಸ್‌ಚರನ್ನೂ ಆಜ್ಞೆಯನ್ನೂ ಬದಲಿಸಿದರೆ, ತುಂಡು ಅದರ ಅಳತೆಗೆ ಒಗ್ಗುವಷ್ಟು ಮಟ್ಟಿಗೆ, ಪುನರ್ಜನ್ಮವುಂಟು. ಕ್ಯಾಲಿಪರಿಗಂತೂ ವಿದ್ಯುತ್ ಕಾರಿನಲ್ಲಿಯೂ ಸ್ಥಾನವಿದೆ. ಅಲ್ಲಿ ಕಾರನ್ನು ನಿಧಾನಗೊಳಿಸುವ ಕೆಲಸದ ಬಹುಭಾಗವನ್ನು ಮೋಟಾರೇ ವಹಿಸಿಕೊಳ್ಳುವುದರಿಂದ ಕ್ಯಾಲಿಪರಿಗೆ ದುಡಿಮೆ ಕಡಿಮೆ. ಬಳಕೆಯಿಲ್ಲದೆ ಕುಳಿತು ತುಕ್ಕು ಹಿಡಿಯದಂತೆ ಅದನ್ನು ಕಾಪಾಡುವುದು ಹೇಗೆಂದು ಎಂಜಿನಿಯರುಗಳು ಯೋಚಿಸುತ್ತಿದ್ದಾರೆ.